ಮೀಟರಿಗೆ ಮೀಟರ್

ಸಾಗವಾನಿ ಪಟ್ಟಿಯ ಚೌಕಟ್ಟು, ಮೀಟರಿಗೆ ಮೀಟರ್.
ಲ್ಯಾಬಿನ ಅಟೆಂಡರ್ ಅಂತ ಸೇರಿದ ಮೊದಲ ದಿನ
ಇಂದುಮತಿ ಗಲಗಲಿ ಬಾಯಾರು ನನ್ನ ಕೈಗೆ ಕೊಟ್ಟಾಗ
ಫೋಟೋ ಇಲ್ಲದ ಕಟ್ಟು ಅನಕೊಂಡು
ಯಾವ ಗ್ವಾಡಿಗೆ ಹಾಕಲಿ, ಅಂದೆ.

ಗ್ವಾಡಿಗಲ್ಲ ರಾಜೇಸಾಬ, ನೆಲಕ್ಕ.

ಘಟಪ್ರಭಾ ದಂಡಿ. ಹಿನ್ನೀರು ಇಳದ ರಾಡಿ.
ಸೀರಿ ಮ್ಯಾಲ ಗಂಡನ ಫುಲ್ ಶರ್ಟ್ ತೊಟ್ಟು
ಬಾಯಾರು ಕುಕ್ಕರಗಾಲಿಲೆ ಕುಂತು ಎಣಸತಿದ್ರು:
ಕಾಂಗ್ರೆಸ್ ಕಸ ಎಷ್ಟು, ತುಂಬಿ ಎಷ್ಟು, ಕರಕಿ ಎಷ್ಟು.
ಮೊದಲ ವರ್ಷ ಕಟ್ಟಿನೊಳಗ ಹನ್ನೊಂದು ಜಾತಿ.
ಕಡೀ ವರ್ಷ ಎರಡು.
ನಡುವ ಇಪ್ಪತ್ತೆಂಟು ವರ್ಷ ತುರಿಸಿಕೊಂಡ ಮೊಣಕೈ.

ಕಿತ್ತದ್ದನ್ನ ಹಳೇ ಪೇಪರಿನಾಗ ಇಟ್ಟು ಒಣಗಿಸೋದು ನನ್ನ ಕೆಲಸ.
ಒಮ್ಮೆ ಪುಟ ತಿರುವಿದ್ರ
ಮುಳುಗೋ ಮನಿಗಳ ನೋಟೀಸು,
ನಮ್ಮ ಓಣಿ, ನಮ್ಮಪ್ಪನ ಹೆಸರು,
ಹೆಸರಿನ ಮ್ಯಾಲ ಬಿಳೇ ಹೂವಿನ ಹಸರು ಕಲಿ.
ಅದನ್ನ ಬದಲಿ ಮಾಡಲಿಲ್ಲ. ಹಂಗ ಬಿಗದೆ.

ಸ್ಟಾಫ್ ರೂಮಿನ ಕಿಡಕಿಗೆ ಒಂದು ಬೇವಿನ ಗಿಡ.
ಹೂ ಬಿಟ್ಟ ದಿನ ಬಾಯಾರು ವಹಿಯಾಗ ಬರಕೋತಿದ್ರು.
ತಾರೀಖು ವರ್ಷಾ ವರ್ಷಾ ಹಿಂದ ಸರೀತು.
ಒಂದು ಯುಗಾದಿಗೆ ಹೂವೆಲ್ಲಾ ಉದರಿ ಹೋಗಿದ್ವು,
ನಾವು ಬರೇ ಬೆಲ್ಲ ತಿಂದ್ವಿ.
ಬಾಯಾರು ತಮ್ಮ ಪಾಲಿನ ತುಣುಕು ಟೇಬಲ್ ಮ್ಯಾಲ ಇಟ್ರು,
ಸಂಜೀತನಕ ಇರಿವಿ ಮುಕ್ಕಿದ್ವು.

ಒಂದಿನ ಕೇಳೇ ಬಿಟ್ಟೆ:
ಹೊರಗಿಂದ ಬಂದದ್ದು ಎಷ್ಟು ವರ್ಷಕ್ಕ ಊರಿಂದಾಗತೈತಿ, ಬಾಯಾರ?
ನಾವೂ ನವನಗರಕ್ಕ ಬಂದವ್ರು,
ಸೆಕ್ಟರ್ ನಂಬರನ ಮನೆತನ ಆದವ್ರು.

ಚೌಕಟ್ಟಿನ ರಾಡಿ ಒರಸ್ಕೋತ ಅಂದ್ರು:
ನಿನ್ನ ರೊಟ್ಟಿ ಮ್ಯಾಲಿನ ಶೇಂಗಾ ಹಿಂಡಿ ಹೊರಗಿಂದ,
ಅದರಾಗಿನ ಖಾರನೂ ಹೊರಗಿಂದ.
ಬಂದದ್ದರ ತಪ್ಪಲ್ಲೋ. ಬಗಲಾಗಿನವ್ರಿಗೆ
ಕಾಲೂರಾಕ ಜಾಗ ಬಿಡತೈತೋ ಇಲ್ಲೋ, ಅಷ್ಟ ನೋಡು.

ಮಾತು ಚಂದ ಇತ್ತು.
ಆದ್ರ ಆ ರೊಟ್ಟಿ ಬೆಂದದ್ದು ಬಳ್ಳಾರಿ ಜಾಲಿ ಕಟ್ಟಿಗಿ ಮ್ಯಾಲ,
ಅದೊಂದ ನಾ ಹೇಳಲಿಲ್ಲ.

ಬೀಳ್ಕೊಡಿಗಿ ಆತು. ಶಾಲು ಹೊದಿಸಿದ್ರು.
ಕಪಾಟಿನ ಕೀಲಿ ಕಾಲೇಜಿಗೆ, ಚೌಕಟ್ಟು ನನಗ.
ಮೊನ್ನೆ ಮಳಿ ಆದಮ್ಯಾಲ ಮನಿ ಮುಂದ ಹಾಕಿದೆ.
ತುಂಬಿ ಒಂದು. ಅದರ ಮಗ್ಗಲಿಗೆ
ಯಾವ ಹಾಳಿಯಾಗೂ ನಾ ಕಂಡಿರದ ಒಂದು ಸಸಿ.
ಫೋನ್ ಹಚ್ಚಿದೆ.

ಕೀಳಬ್ಯಾಡ. ಹೂ ಬಿಡೂತನ ಹೆಸರಿಡಬ್ಯಾಡ.
ತಾರೀಖು ಬರಕೊಂಡಿ ಏನು?

ಪೆನ್ನು ಸಿಗಲಿಲ್ಲ.
ಒಲಿಯೊಳಗಿನ ಜಾಲಿ ಇದ್ದಲಿ ತಗೊಂಡು
ಗ್ವಾಡಿಗೆ ಬರದೇನಿ.