ಸೆಕೆಂಡಿಗೆ ಮೂರು

ಕುತೈಸಿ. ಎರಡನೇ ನಂಬರಿನ ಸಂಗೀತ ಶಾಲೆ.
ಜನವರಿ. ಕರೆಂಟಿಲ್ಲ.
ಸೀಮೆಎಣ್ಣೆ ಒಲೆಗೆ ಕೈಯೊಡ್ಡಿ ಬೆರಳು ಕಾಯಿಸಿಕೊಂಡು
ಯುಜಾ ಮಾಸ್ತರು ಪಿಯಾನೋದ ಹೊಟ್ಟೆ ತೆರೆದರು.
ಒಳಗೆ ಇಲಿ ಕಡಿದ ಫೆಲ್ಟು, ಒಂದು ಹೇರ್‌ಪಿನ್ನು,
ಯಾವುದೋ ಮಗು ಬಚ್ಚಿಟ್ಟು ಮರೆತ ಅರ್ಧ ಬಿಸ್ಕತ್ತು,
ಇನ್ನೂರ ಚಿಲ್ಲರೆ ತಂತಿ.

ನನಗೆ ಹದಿನಾರು. ಚೀಲ ಹೊರುವುದು,
ಮೇಣದಬತ್ತಿ ಹಿಡಿಯುವುದು ನನ್ನ ಕೆಲಸ.
ಆ ವರ್ಷ ಇನ್ನೊಂದು ಸೇರಿತು: ಕೇಳುವುದು.
ಅವರ ಕಿವಿ ಮೇಲಿನ ಎರಡು ಸಪ್ತಕಗಳನ್ನು
ಯಾರಿಗೂ ಹೇಳದೆ ಬಿಟ್ಟುಕೊಟ್ಟಿತ್ತು.
ಕೆಳಗಿನವಕ್ಕೆ ಒಂದು ಮರದ ಸೌಟು.
ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ತಲೆಯನ್ನು ಪೆಟ್ಟಿಗೆಗೆ ಒತ್ತಿದರೆ
ದವಡೆಯ ಮೂಳೆ ಹಿಡಿದು ಸ್ವರ ಹತ್ತಿ ಬರುತ್ತಿತ್ತು.

"ಝುಝುನಾ, ಸ್ವರ ಕೇಳಬೇಡ,
ಅದನ್ನು ಯಾರು ಬೇಕಾದರೂ ಕೇಳುತ್ತಾರೆ.
ಜಗಳ ಕೇಳು."

ಒಂದು ಮನೆಗೆ ಮೂರು ತಂತಿ.
ಒಂದರ ಬಾಯಿಗೆ ಫೆಲ್ಟು ತುರುಕಿ ಉಳಿದೆರಡನ್ನು ಒಟ್ಟಿಗೆ ಮೀಟಿದರು.
(ಲೆಕ್ಕ ನಾನು ಆಮೇಲೆ ಹಾಕಿದ್ದು:
ಒಂದು ಸೆಕೆಂಡಿಗೆ ನಾನೂರ ನಲವತ್ತು ಸಲ ನಡುಗುತ್ತಿತ್ತು,
ಇನ್ನೊಂದು ನಾನೂರ ಮೂವತ್ತೇಳು.)
ಹೆಗಲಿಗೆ ಹೆಗಲು ಕೊಟ್ಟು ಹೊರಡುತ್ತವೆ,
ಉಬ್ಬಿಗೆ ಉಬ್ಬು ಸೇರಿ ದನಿ ದಪ್ಪವಾಗುತ್ತದೆ.
ಹಿಂದೆ ಬಿದ್ದದ್ದು ಇನ್ನಷ್ಟು ಹಿಂದೆ ಬೀಳುತ್ತದೆ;
ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಉರುಳಿ,
ಕೂಡಿದರೆ ಎರಡಾಗಬೇಕಿದ್ದದ್ದು
ಸೊನ್ನೆಯಾಗುತ್ತದೆ.
ಮತ್ತೆ ಹೆಗಲಿಗೆ ಹೆಗಲು.
ವ್ವಾಂ. ವ್ವಾಂ. ವ್ವಾಂ.
ಸೆಕೆಂಡಿಗೆ ಮೂರು.

"ಯಾವುದು ತಪ್ಪು?" ಅಂದೆ.
ಸೌಟು ಬಾಯಿಂದ ತೆಗೆದರು.
"ಅದೊಂದನ್ನೇ ಇದು ಹೇಳುವುದಿಲ್ಲ ನೋಡು.
ಎಷ್ಟು ದೂರ ಅನ್ನುತ್ತದೆ, ಯಾರ ತಪ್ಪು ಅನ್ನುವುದಿಲ್ಲ.
ಮೂರು ಹೆಚ್ಚಿದ್ದರೂ ಮೂರು ಕಡಿಮೆಯಿದ್ದರೂ ಮಿಡಿತ ಅದೇ.
ಯಾರಾದರೂ ಒಬ್ಬರು ಮೊದಲು ಬಿರಡೆ ತಿರುಗಿಸಬೇಕು.
ಚುರುಕಾಯಿತೋ, ದಾರಿ ತಪ್ಪಿದೆ, ಹಿಂದಕ್ಕೆ ಬಾ.
ನಿಧಾನವಾಯಿತೋ, ಹೋಗುತ್ತಿರು."

ತಿರುಗಿಸಿದೆ. ನಾಲ್ಕು.
ಅತ್ತ ತಿರುಗಿಸಿದೆ. ಮೂರು. ಎರಡು.
ಒಂದು.
ಒಂದು ಉಸಿರಿಗೆ ಒಂದು.
ಆಮೇಲೆ ಅಲೆ ಎದ್ದಿತೋ ಇಲ್ಲವೋ,
ಕಿಟಕಿಯಾಚೆ ರಿಯೋನಿ ನದಿ ಕಲ್ಲು ಉರುಳಿಸುವ ಸದ್ದು ಮಾತ್ರ.

ಗೆದ್ದ ಹುರುಪಿನಲ್ಲಿ ಕೇಳಿದೆ:
"ಇಡೀ ಪಿಯಾನೋವನ್ನು ಹೀಗೇ, ಒಂದು ಜಗಳವೂ ಇಲ್ಲದ ಹಾಗೆ?"
ನಕ್ಕರು. ನಕ್ಕಾಗ ಕೆಮ್ಮು ಬಂತು.
"ಪಂಚಮದಿಂದ ಪಂಚಮಕ್ಕೆ ಹನ್ನೆರಡು ಮೆಟ್ಟಿಲು,
ಒಂದೊಂದನ್ನೂ ಶುದ್ಧವಾಗಿ ಹತ್ತಿ ನೋಡು.
ಹೊರಟ ಮನೆಗೇ ಬರುತ್ತೀಯ. ಆದರೆ ಬಾಗಿಲು
ಕೀಲಿ ಕೂರದಷ್ಟು ಪಕ್ಕಕ್ಕೆ ಸರಿದಿರುತ್ತದೆ.
ಅದಕ್ಕೇ ಪ್ರತಿ ಮೆಟ್ಟಿಲನ್ನೂ ಒಂದು ಚೂರು ಕೆಡಿಸುತ್ತೇವೆ.
ಈ ಪಂಚಮ ಕೇಳು: ನಾಲ್ಕು ಸೆಕೆಂಡಿಗೆ ಮೂರು.
ಅಷ್ಟು ಇರಲಿ. ಮುಟ್ಟಬೇಡ."

ಬಟುಮಿಯಲ್ಲಿ ಅವರ ಅಣ್ಣ ಅಂಬ್ರೋಸಿ.
ಹನ್ನೊಂದು ವರ್ಷ ಮಾತಿಲ್ಲ.
ಅಪ್ಪ ಅಂಗಳದಲ್ಲಿ ಹೂತಿಟ್ಟ ವೈನಿನ ಜಾಡಿ ಯಾರದು ಅಂತ;
ಯಾರದಾದರೂ ಅದನ್ನು ನೆಲದಿಂದ ಕೀಳಲಾಗದು
ಅನ್ನುವುದು ಇಬ್ಬರಿಗೂ ಗೊತ್ತು.

ಸಂಜೆ ಒಂದು ಗಂಟೆ ಕರೆಂಟು ಬಂತು.
ಸ್ಟಾಂಪು ತರಲು ಹೋದವಳು ಅಂಚೆ ಕಚೇರಿಯಲ್ಲಿ ಅವರನ್ನು ಕಂಡೆ.
ಎರಡನೇ ಬೂತು. ಟೋಪಿ ತೆಗೆದಿದ್ದರು.
ರಿಸೀವರು ಕಿವಿಗಲ್ಲ, ದವಡೆಗೆ ಒತ್ತಿತ್ತು.
ಎರಡೂ ಕಡೆ ಒಟ್ಟಿಗೇ ಶುರುಮಾಡಿ
ಒಟ್ಟಿಗೇ ತಡವರಿಸಿ ನಿಲ್ಲಿಸುತ್ತಿದ್ದರೇನೋ:
ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು,
ತಲೆಯಾಡುತ್ತಿತ್ತು, ಮತ್ತೆ ತೆರೆಯುತ್ತಿತ್ತು.
ಗಾಜಿನ ಈಚೆ ನಿಂತು
ಅಭ್ಯಾಸಬಲದಿಂದ ಎಣಿಸತೊಡಗಿದೆ.
ನಿಧಾನವಾಗುತ್ತಿದೆ ಅನಿಸಿತು. ಖಾತ್ರಿಯಿಲ್ಲ.

ಅಷ್ಟರಲ್ಲಿ ದೀಪ ಹೋಯಿತು.
ಕತ್ತಲಲ್ಲಿ ಅವರ ದನಿ ನಿಲ್ಲಲಿಲ್ಲ.
ಫೋನಿಗೆ ಬೇರೆ ತಂತಿ.