ಹಕಾರ

ಅರಸೀಕೆರೆಯ ಆ ಹೈಸ್ಕೂಲಿನಲ್ಲಿ ನಮಗೆ ಸಿಕ್ಕಿದ್ದು
ಆಟದ ಸಾಮಾನಿನ ಕೋಣೆ.
ಮುರಿದ ಕೇರಂ ಬೋರ್ಡು, ಗಾಳಿ ಹೋದ ಮೂರು ವಾಲಿಬಾಲು,
ಒಂದೇ ಬೆಂಚು. ಆ ತುದಿಗೆ ತೀರ್ಥೇಶ, ಹತ್ತನೇ ಕ್ಲಾಸು,
ಈ ತುದಿಗೆ ನಾನು, ಒಂಬತ್ತು.
ಬರೆಯುವವಳು ಒಂದು ಕ್ಲಾಸು ಕಮ್ಮಿ ಓದಿರಬೇಕಂತೆ:
ಕೈ ಇರಬೇಕು, ತಲೆ ಇರಬಾರದು.

ಜಬೀವುಲ್ಲಾ ಸರ್ ಬಾಗಿಲಿಗೆ ಕುರ್ಚಿ ಹಾಕಿ ಕೂತರು.
ಅವನು ಹೇಳಿದ್ದು ಬರಿ. ಹೇಳದ್ದು ಬರೀಬೇಡ.
ಪ್ರಶ್ನೆ ಓದೋಕೆ ಬಿಟ್ಟು ಬಾಯಿ ತೆಗೀಬೇಡ.
ಗೋಣು ಆಡಿಸಿದೆ.
ಓಲೆ ಅಲ್ಲಾಡಿದ್ದು ಕೇಳಿಸ್ತು ಅಂತ
ತೀರ್ಥೇಶ ಆಮೇಲೆ ಹೇಳಿದ.

ಸಮಾಜ ವಿಜ್ಞಾನ. ಅವನು ಉತ್ತರ ಹೇಳುವುದು
ಕಾಯಿ ಎಣಿಸಿ ಗಾಡಿಗೆ ಹಾಕುವವರ ಹಾಗೆ,
ಒಂದು ಬಿದ್ದ ಸದ್ದಾಗುವ ತನಕ ಇನ್ನೊಂದು ಎತ್ತುವುದಿಲ್ಲ.

ಒಂಬತ್ತನೇ ಪ್ರಶ್ನೆಗೆ ಒಂದು ಇಸವಿ ಹೇಳಿದ. ತಪ್ಪು.
ನನಗೆ ಗೊತ್ತಿತ್ತು. ಹೋದ ವರ್ಷ ಅಕ್ಕ
ಪಾತ್ರೆ ಉಜ್ಜುತ್ತಾ ಅದನ್ನೇ ಬಾಯಿಪಾಠ ಮಾಡಿದ್ದಳು.
ಪೆನ್ನು ನಿಂತಿತು.
"ಯಾಕ್ ನಿಲ್ಸ್ದೆ? ತಪ್ಪಾ?"
ಸರ್ ಕೆಮ್ಮಿದರು.
"ತಪ್ಪಾದ್ರೂ ನಂದೇ ಇರ್ಲಿ ಕಣಮ್ಮಿ, ಬರಿ."
ಬರೆದೆ. ಸರಿಯುತ್ತರ ನಾಲಿಗೆ ಮೇಲೆ
ಸುಣ್ಣ ಹೆಚ್ಚಾದ ಎಲೆಯ ಹಾಗೆ ಉರಿಯಿತು.

ನಕ್ಷೆಯ ಬದಲು ಅವನಿಗೆ ಬೇರೆ ಪ್ರಶ್ನೆ ಕೊಟ್ಟಿದ್ದರು.
"ನಕ್ಷೆ ಯಾಕಿಲ್ಲ?" ಅಂದ.
ಸರ್‌ಗೂ ಗೊತ್ತಿರಲಿಲ್ಲ.
ಇದು ಬೀರೂರಿನ ಕಡೆಗೆ, ಇದು ಆಸನಕ್ಕೆ ಅಂತ
ಜಂಕ್ಷನ್ನಿನ ರೈಲುಗಳನ್ನು
ಸದ್ದಿನಲ್ಲೇ ಬೇರೆ ಮಾಡುವ ಹುಡುಗ ಅವನು.

ನಮ್ಮ ಕಡೆ ಬಾಯಿಗೆ ಹಕಾರ ಬರುವುದು ಕಮ್ಮಿ.
ಹಾಲು ಆಲು, ಹೋಗು ಓಗು.
ನನ್ನ ನೋಟ್‌ಬುಕ್ಕಿನಲ್ಲಿ ಅದನ್ನು ತಿದ್ದಿ ತಿದ್ದಿ
ಕನ್ನಡ ಮಿಸ್ಸಿನ ಕೆಂಪು ಶಾಯಿ ಮುಗಿದಿದೆ.
ನಾಲ್ಕು ಅಂಕದ ಉತ್ತರ. ಅವನಂದಂತೆ ಬರೆದೆ:
ಸಮಾನತೆಯ ಅಕ್ಕು,
ಸ್ವಾತಂತ್ರ್ಯದ ಅಕ್ಕು,
ಒಟ್ಟು ಆರು ಸಲ.

ಬೆಲ್ಲಾಯಿತು. ನಮಗೆ ಇನ್ನೂ ಒಂದು ಗಂಟೆ ಇತ್ತು.
ಉಳಿದವರು ಹೊರಗೆ ಬಿದ್ದು ಉತ್ತರಗಳನ್ನು ಕಿರುಚಾಡಿದರು.
ಯಾರೋ ಆ ಇಸವಿಯನ್ನೂ ಕೂಗಿದರು, ಸರಿಯಾದದ್ದನ್ನು.
ಸರ್ ಎದ್ದು ಬಾಗಿಲು ಹಾಕುವಷ್ಟರಲ್ಲಿ
ಮೂವರಿಗೂ ಕೇಳಿಸಿತ್ತು.
ತಿದ್ದಲಾ ಅಂತ ನಾನು ಕೇಳುವ ಹಾಗಿರಲಿಲ್ಲ.
ತಿದ್ದು ಅಂತ ಅವನು ಹೇಳಲಿಲ್ಲ.

"ಈಗ ಮೊದಲಿಂದ ಓದು. ಅಕ್ಷರ ಬಿಡಿಸಿ."
ಓದುತ್ತಾ ಅಲ್ಲಿಗೆ ಬಂದೆ.
ಅ, ಆಮೇಲೆ ಕ, ಅದಕ್ಕೊಂದು ಒತ್ತು, ಕೊಂಬು.
"ಅ ಅಲ್ಲ. ನಾನಂದಿದ್ದು ಅದಲ್ಲ."
ಅಂದಿದ್ದು ಅದೇ ಕಣಪ್ಪ, ನಾನೂ ಕೇಳಿದೆ, ಅಂದರು ಸರ್.
"ಬಾಯಿ ಅಂದಿದ್ದು ಸಾ ಅದು."
ಬೆಂಚಿನ ಧೂಳಿನ ಮೇಲೆ ಬೆರಳು ಊರಿದ:
ಒಂದು ಚುಕ್ಕಿ. ಇದು ಅ.
ಪಕ್ಕದಲ್ಲಿ ಮೂರು ಚುಕ್ಕಿ.
"ನನ್ ಬೆರಳಲ್ಲಿ ಯಾವತ್ತೂ ಮೂರೇ ಇರೋದು."

ಸರ್ ಸುತ್ತೋಲೆ ತೆಗೆದು ಹಿಂದೆ ಮುಂದೆ ತಿರುವಿದರು.
ಅದರಲ್ಲಿ ಸಮಯದ ಬಗ್ಗೆ ಇತ್ತು, ಸರ್ಟಿಫಿಕೇಟಿನ ಬಗ್ಗೆ ಇತ್ತು,
ಊರಿನ ನಾಲಿಗೆಯ ಬಗ್ಗೆ ಒಂದು ಸಾಲೂ ಇರಲಿಲ್ಲ.
ಕೊನೆಗೆ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು
ರೈಲು ನೋಡುತ್ತಾ ಕೂತರು.

ಆರು ಕಡೆ ಅ ಹೊಡೆದು ಹ ಬರೆದೆ.
ಇಸವಿ ಹಾಗೇ ಉಳಿಯಿತು.

ಅವನಿಗೆ ಎಷ್ಟು ಬಂತೋ. ಬರೆದವರಿಗೆ
ಯಾರೂ ಫಲಿತಾಂಶ ತಿಳಿಸುವುದಿಲ್ಲ.

ಮರುವರ್ಷ ನನ್ನ ಪರೀಕ್ಷೆ. ದೊಡ್ಡ ಹಾಲು.
ನನ್ನ ಬಾಯಿ ಒಳಗೊಳಗೇ ಹೇಳುತ್ತಿತ್ತು,
ನನ್ನ ಕೈ ಕೇಳಿಸಿಕೊಂಡು ಬರೆಯುತ್ತಿತ್ತು.
ಹಕಾರ ಬಂದಲ್ಲೆಲ್ಲ ಎಡಗೈ ಬೆರಳು
ಬೆಂಚಿನ ಕೆಳಗೆ ಮೂರು ಸಲ ಒತ್ತುತ್ತಿತ್ತು.
ಸೂಪರ್‌ವೈಸರ್ ಹತ್ತಿರ ಬಂದು
ಏನಮ್ಮಾ ಗಾನವಿ, ಏನಿದೆ ಅಲ್ಲಿ, ಅಂತ
ಬಗ್ಗಿ ನೋಡಿದರು,
ಚೀಟಿಗಾಗಿ.