ಚಿಮ್ಮಟಿಗೆ

ಅಪ್ಪನ ಉಡದಾರಕ್ಕೆ ಒಂದು ಹಿತ್ತಾಳೆ ಬಳೆ.
ಬಳೆಯಲ್ಲಿ ಮೂರು: ಚಿಮ್ಮಟಿಗೆ, ಮೊಂಡು ಸೂಜಿ,
ಕಿವಿಯ ಗುಗ್ಗೆ ತೆಗೆಯುವ ಪುಟ್ಟ ಸೌಟು.
ಅವ ನಡೆದರೆ ಧೋತರದೊಳಗೆ ಸಣ್ಣ ಸದ್ದು.
ನಾಯಿಗೆ ಗೊತ್ತು, ಎತ್ತಿಗೆ ಗೊತ್ತು,
ಅವ್ವನಿಗೆ ಚಹಾಕ್ಕೆ ಎಸರಿಡಲು ಅಷ್ಟೇ ಸಾಕು.

ಇಂಡಿಯ ಕಡೆ ನಿಂಬೆ ಬೆಳೆಯುವುದು ಎಲ್ಲರಿಗೂ ಗೊತ್ತು.
ನಿಂಬೆಗೆ ಮುಳ್ಳಿರುವುದು
ಬಗ್ಗಿ ಹಣ್ಣು ಆರಿಸಿದವರಿಗೆ ಮಾತ್ರ.
ಬೇಲಿಯ ಜಾಲಿ ಬೇರೆ,
ಕಾಲುದಾರಿಯ ನೆಗ್ಗಿಲು ಬೇರೆ.

ಹೊತ್ತು ಮುಳುಗುವ ಮೊದಲು ನಮ್ಮ ಕಟ್ಟೆಗೆ
ಕುಂಟುತ್ತ ಬರುತ್ತಿದ್ದರು:
ಝಳಕಿ ಬಸ್ಸಿನ ಕಂಡಕ್ಟರ್ ಮೈಬೂಬ,
ತಾಂಡಾದ ಸೋನಾಬಾಯಿ,
ಬೂಟು ಹಾಕಿಯೂ ಚುಚ್ಚಿಸಿಕೊಂಡ ಗೌಡರ ಅಳಿಯ,
ಕೇರಿಯ ದುರಗವ್ವನ ಮಗಳು. ಅವಳು
ಕಟ್ಟೆಗೆ ಮೂರು ಮಾರು ದೂರ ನಿಲ್ಲುತ್ತಿದ್ದಳು.
"ಅಲ್ಲ್ಯಾಕ ನಿಂತಿ? ಕಾಲ ಕೊಡ ಇಲ್ಲೆ."
ಒಳಗಿಂದ ಆಯಿ ಗೊಣಗಿದರೆ
"ಯವ್ವಾ, ಮುಳ್ಳು ಜಾತಿ ಕೇಳಿ ಚುಚ್ಚತೈತೇನ?"

ಅಂಗಾಲು ಅವನ ತೊಡೆಯ ಮೇಲೆ.
ಉಗುಳು ಹಚ್ಚಿ ಒರೆಸುವನು,
ಬಿಸಿಲಿನ ಕಡೆ ಹೊರಳಿಸುವನು,
ಆಮೇಲೆ, ಏನೋ ನೆನಪಾದವನಂತೆ:
"ನಿಮ್ಮ ಆಕಳಿಗೆ ಮ್ಯಾಲಿನ ಹಲ್ಲ ಎಷ್ಟವ?"
ನಾವು ಹಕ್ಕಿಯತ್ತ ತಿರುಗಿ ಎಣಿಸುವುದರೊಳಗೆ
ಮುಳ್ಳು ನಮ್ಮ ಅಂಗೈಯಲ್ಲಿ.
"ನೋಡ, ಇಷ್ಟಕ್ಕ ಅತ್ತಿ."
ಗಾಯಕ್ಕೆ ಬಿಸಿ ಬೆಲ್ಲ, ಉಳಿದ ಬೆಲ್ಲ ಬಾಯಿಗೆ.
ಆಕಳಿಗೆ ಮುಂದೆ ಮೇಲಿನ ಹಲ್ಲೇ ಇಲ್ಲವೆಂದು
ನಾನು ಕಲಿತದ್ದು ಹಾಗೆ, ಮೂಗು ಸುರಿಸುತ್ತ.

ಅವನು ಎಲ್ಲದರಲ್ಲೂ ಹಾಗಿರಲಿಲ್ಲ.
ಏಳನೇ ಇಯತ್ತೆಗೆ ನನ್ನ ಸಾಲಿ ಬಿಡಿಸಿದ.
"ಸಾಕು" ಅಂದ, ಅಷ್ಟೇ. ತಾಟಿನ ಮುಂದೆ ಕೂತು
ರೊಟ್ಟಿ ಮುರಿಯುತ್ತ ಅಂದ.
ಅದನ್ನು ತೆಗೆಯುವ ಸಾಮಾನು ಆ ಬಳೆಯಲ್ಲಿರಲಿಲ್ಲ,
ನಾನೂ ಕೇಳಲಿಲ್ಲ.
ಲಗ್ನವಾಗಿ ವಿಜಯಪುರಕ್ಕೆ ಬಿಟ್ಟುಹೋದ ದಿನ
ಮುಖ ನೋಡಲಿಲ್ಲ, ಕಾಲು ನೋಡಿದ.
"ಚಪ್ಪಲಿ ಹಾಕ್ಕೊಂಡ ತಿರುಗವಾ.
ಊರಾಗ ಗಾಜು ಇರ್ತಾವ."
ಬಸ್ಸು ಹತ್ತಿ, ಕಿಟಕಿಯಿಂದ
ಮತ್ತೊಮ್ಮೆ ಅದನ್ನೇ ಹೇಳಿದ.

ಸಾತಲಿಂಗಪ್ಪ ತೀರಿಕೊಂಡ ಅಂತ ಸುದ್ದಿಯಾದಾಗ
ಬಂದವರೆಲ್ಲ ನೆಟ್ಟಗೆ ನಡೆದು ಬಂದರು.
ಮೈಬೂಬ ರಿಟೈರಾಗಿದ್ದ, ಕಟ್ಟೆಯ ಮೇಲೆ
ತನ್ನ ಹಳೆ ಜಾಗದಲ್ಲೇ ಕೂತು ಎದ್ದುಹೋದ.
ಕೂಡ್ರಿಸಿ ಮೈ ತೊಳೆಯುವಾಗ
ಬಲ ಹಿಮ್ಮಡಿಯಲ್ಲಿ ತಮ್ಮ ರೇವಪ್ಪನ ಬೆರಳು ತಡೆಯಿತು.
ಆಣಿಗಟ್ಟಿದ ಚರ್ಮದ ಕೆಳಗೆ ಕರಿ ಚುಕ್ಕೆ.
ಹಳೆಯದು. ಎಷ್ಟು ವರ್ಷದ್ದೋ,
ಅದರ ಮೇಲೆಯೇ ಊರಿ ನಡೆದಿದ್ದ.
"ತಗೀಲೇನ?" ಅಂದ ತಮ್ಮ, ಚಿಮ್ಮಟಿಗೆ ಕೈಯಲ್ಲಿ.
ಅವ್ವ ಸೆರಗು ಬಾಯಿಂದ ತೆಗೆದು ಹೇಳಿದಳು:
"ಇರ್ಲಿ ಬಿಡೊ. ಹೊಲದ್ದು ಅದು.
ಹೊಲಕ್ಕಽ ಹೊಂಟೈತಿ."

ನಿಂಬೆ ಗಿಡಗಳ ನಡುವೆ ಕುಣಿ.
ಕಾಲು ಮಡಿಸಿ ಕೂತಿದ್ದ,
ತೊಡೆ ಖಾಲಿ.
ವಿಭೂತಿ, ಪತ್ರಿ, ಮಣ್ಣು ಬಿದ್ದವು.
ಹಿಡಿ ಹಾಕಿ ತಿರುಗುವಾಗ ನನ್ನ ಸೀರೆಯ ಅಂಚು
ಒಂದು ಟೊಂಗೆಗೆ ಸಿಕ್ಕು
ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು.

ಬಳೆ ಈಗ ನನ್ನ ಮನೆಯ ಗೂಟಕ್ಕೆ ತೂಗುತ್ತದೆ.
ಮೊನ್ನೆ ಓಂಕಾರ ಆಡಲು ಹೋಗಿ
ಒಂದೇ ಕಾಲಲ್ಲಿ ಕುಪ್ಪಳಿಸುತ್ತ ಬಂದ.
ಅಪ್ಪ ಹೇಳಿದ್ದ ಹಾಗೆಯೇ, ಗಾಜು.
ಕಾಲು ತೊಡೆಗೆ ಎಳೆದುಕೊಂಡೆ,
ಬಿಸಿಲಿಗೆ ಹೊರಳಿಸಿದೆ,
ಏನೋ ನೆನಪಾದವಳಂತೆ ಕೇಳಿದೆ:
"ಆಕಳಿಗೆ ಮ್ಯಾಲಿನ ಹಲ್ಲ ಎಷ್ಟವ?"

"ಮುಂದ ಇಲ್ಲ. ಮುತ್ಯಾ ಹೇಳ್ಯಾನ."

ಬೇರೆ ಪ್ರಶ್ನೆ ನನಗೆ ಹೊಳೆಯಲಿಲ್ಲ.
ಚಿಮ್ಮಟಿಗೆಯ ತುದಿ ಕೈಯಲ್ಲಿ ನಡುಗಿತು.
ಅವನು ಕಣ್ಣು ಬಿಟ್ಟುಕೊಂಡೇ,
ನನ್ನ ಭುಜದ ಮೇಲೆ ಕೈ ಇಟ್ಟು,
"ಹೆದರಬ್ಯಾಡ," ಅಂದ, "ತಗಿ."